ಡೀಸೆಲ್ ಗಟ್ಟಿಯಾಗುವ ಊರಿನಲ್ಲಿ

1996ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕು ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಮೇಟಗಳ್ಳಿ ಕಡೆಯ ಶೆಡ್ಡುಗಳಿಗೆಲ್ಲ ಕೆಲಸ ಕೇಳಿಕೊಂಡು ಬರುವ ಫಿಟ್ಟರುಗಳು ಹೆಚ್ಚಾದರು, ನಮ್ಮ ಕೂಲಿ ನಿಂತಲ್ಲೇ ನಿಂತಿತು. ನಾನಾಗ ಕೆಆರ್‌ಎಸ್ ರಸ್ತೆಯ ಒಂದು ಅಂಗಡಿಯಲ್ಲಿ ಡೀಸೆಲ್ ಪಂಪು, ನಾಜಲ್ ಕೆಲಸ ಮಾಡುತ್ತಿದ್ದೆ. ವಿಕ್ರಾಂತ್ ಟೈರ್ ಕಾರ್ಖಾನೆಗೆ ಬಂದು ನಿಲ್ಲುತ್ತಿದ್ದ ಲಾರಿಗಳೇ ನಮ್ಮ ಗಿರಾಕಿಗಳು. ಉತ್ತರದ ಕಡೆ ಓಡಾಡುವ ಒಬ್ಬ ಡ್ರೈವರು, ಲೇಹ್‌ನಲ್ಲಿ ರಸ್ತೆ ಗುತ್ತಿಗೆದಾರನೊಬ್ಬನಿಗೆ ಮೈಕೋ ಪಂಪು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್ ಬೇಕಂತೆ, ಸಂಬಳ ಇಲ್ಲಿಯ ಮೂರು ಪಟ್ಟು ಅಂದ. ಮನೆಯಲ್ಲಿ ಹೇಳಿದೆ. ಅವ್ವ ಕೇಳಿದ್ದು ಒಂದೇ ಮಾತು: "ಅದ್ಯಾವ ಊರ್ಲಾ ಅದು? ಅಲ್ಲಿ ರಾಗಿ ಸಿಕ್ತದಾ?"

ಮುಂದಿನ ಬೇಸಿಗೆಯಲ್ಲಿ ಹೊರಟೆ. ಜಮ್ಮುವರೆಗೆ ರೈಲು, ಅಲ್ಲಿಂದ ಶ್ರೀನಗರ, ಆಮೇಲೆ ಜೋಜಿಲಾ ಕಣಿವೆ. ಶ್ರೀನಗರದಿಂದ ಲೇಹ್‌ಗೆ 434 ಕಿಲೋಮೀಟರ್. ನಮ್ಮ ಕಡೆ ಅದು ಒಂದು ರಾತ್ರಿಯ ಬಸ್ಸು. ಅಲ್ಲಿ ಎರಡು ಹಗಲು ಬೇಕು, ನಡುವೆ ಕಾರ್ಗಿಲ್‌ನಲ್ಲಿ ಮಲಗಬೇಕು. ಜೋಜಿಲಾ ದಾಟುವವರೆಗೆ ಕಾಡು, ದಾಟಿದ ಮೇಲೆ ಮರವೇ ಇಲ್ಲ. ಲೇಹ್ ತಲುಪಿದ ದಿನ ಗುತ್ತಿಗೆದಾರನ ಮುನ್ಷಿ ಕೆಲಸ ತೋರಿಸಲಿಲ್ಲ, ಹಾಸಿಗೆ ತೋರಿಸಿದ. ಎರಡು ದಿನ ಸುಮ್ಮನೆ ಬಿದ್ದಿರು, ಮೆಟ್ಟಿಲು ಹತ್ತಬೇಡ ಅಂದ. ಮೈಸೂರಿರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲೆ, ಲೇಹ್ ಇರುವುದು ಸುಮಾರು 3,500 ಮೀಟರ್ ಮೇಲೆ.

ಹಿಮದ ಊರು ಎಂದು ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕೆಂದರೆ ಲೇಹ್ ಪೇಟೆಯಲ್ಲಿ ಹಿಮ ಬೀಳುವುದು ಕಡಿಮೆ. ಹಿಮವೆಲ್ಲ ಸುತ್ತಲ ಕಣಿವೆಗಳ ಮೇಲೆ. ಊರೊಳಗೆ ಇರುವುದು ಒಣಹವೆ ಮತ್ತು ಗಾಳಿ. ಮಳೆ ಹಿಮ ಎಲ್ಲ ಸೇರಿದರೂ ವರ್ಷಕ್ಕೆ ಸುಮಾರು 100 ಮಿಲಿಮೀಟರ್, ನಮ್ಮಲ್ಲಿ ಒಂದು ಒಳ್ಳೆಯ ವಾರಕ್ಕೆ ಬೀಳುವಷ್ಟು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಪೇಟೆಯ ದೂಳೆಲ್ಲ ಅಂಗಡಿಯೊಳಗೆ. ವಿಮಾನಗಳು ಕೂಡ ಬೆಳಿಗ್ಗೆಯೇ ಬಂದು ಬೆಳಿಗ್ಗೆಯೇ ಹೋಗುತ್ತಿದ್ದವು. ತುಟಿ ಒಡೆಯಿತು, ಮೂಗಿನಲ್ಲಿ ರಕ್ತ ಬಂತು, ಬೆರಳ ಸಂದು ಸೀಳಿತು. ಆದರೆ ಮೆಕ್ಯಾನಿಕ್‌ಗೆ ಒಂದು ಸುಖ: ಅಲ್ಲಿ ಕಬ್ಬಿಣಕ್ಕೆ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಹತ್ತು ವರ್ಷದ ಬೋಲ್ಟು ನಿನ್ನೆ ಹಾಕಿದಂತೆ ಬಿಚ್ಚಿಕೊಳ್ಳುತ್ತಿತ್ತು. ಹಾಳಾಗುವುದೆಲ್ಲ ರಬ್ಬರು. ಹೋಸು, ವೈಪರ್, ಫ್ಯಾನ್ ಬೆಲ್ಟು, ಟೈರಿನ ಪಕ್ಕೆ, ಎಲ್ಲ ಬಿರುಕು ಬಿಡುತ್ತಿದ್ದವು.

ಬಯಲಿನಿಂದ ಬಂದ ಯಾವ ಲಾರಿಯಾದರೂ ಅಲ್ಲಿ ಕಪ್ಪು ಹೊಗೆ ಉಗುಳುತ್ತಿತ್ತು. ಗಾಳಿ ತೆಳುವು, ಪಂಪು ಮಾತ್ರ ಬಯಲಿನ ಲೆಕ್ಕಕ್ಕೆ ಡೀಸೆಲ್ ಕೊಡುತ್ತದೆ, ಅದು ಪೂರ್ತಿ ಉರಿಯುವುದಿಲ್ಲ. ಪಂಪಿನ ಡೆಲಿವರಿ ಇಳಿಸಿದರೆ ಹೊಗೆ ನಿಲ್ಲುತ್ತಿತ್ತು, ಆದರೆ ಡ್ರೈವರು "ಎಳೆಯೋದಿಲ್ಲ ಉಸ್ತಾದ್" ಅಂತ ಜಗಳಕ್ಕೆ ಬರುತ್ತಿದ್ದ. ಎಳೆಯುವುದೂ ಹೊಗೆಯಿಲ್ಲದಿರುವುದೂ ಎರಡೂ ಬೇಕೆಂದರೆ ಟರ್ಬೊ ಇರುವ ಗಾಡಿ ತಗೋ ಎನ್ನುತ್ತಿದ್ದೆ.

ಇದೆಲ್ಲ ಬೇಸಿಗೆಯ ಮಾತು. ನನ್ನ ಕಸುಬು ಏನೆಂಬುದು ನನಗೆ ತಿಳಿದದ್ದು ಚಳಿಗಾಲದಲ್ಲಿ. ಡಿಸೆಂಬರ್ ಬರುತ್ತಿದ್ದಂತೆ ಡೀಸೆಲ್ ಒಳಗಿನ ಮೇಣ ಬಿಟ್ಟುಕೊಂಡು ಮೋಡದ ಬಣ್ಣಕ್ಕೆ ತಿರುಗುತ್ತದೆ. ಇನ್ನೂ ಚಳಿಯಾದರೆ ಫಿಲ್ಟರಿನಲ್ಲಿ ಗಟ್ಟಿಯಾಗಿ ಕೂತು ದಾರಿ ಮುಚ್ಚುತ್ತದೆ. ಗ್ಯಾರೇಜಿನಲ್ಲಿ ನನಗಿಂತ ಹಿರಿಯ ಲದಾಖಿ ಮೇಸ್ತ್ರಿಯೊಬ್ಬರಿದ್ದರು. ಎಲ್ಲರೂ ಅಚೋ ಲೇ ಎನ್ನುತ್ತಿದ್ದರು, ಎಂದರೆ ಅಣ್ಣ ಅಂತ. ನಾನೂ ಹಾಗೇ ಕರೆದೆ. ಪಂಪು ನನಗೆ ಗೊತ್ತಿತ್ತು, ಚಳಿ ಅವರಿಗೆ ಗೊತ್ತಿತ್ತು. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ರೇಡಿಯೇಟರಿನ ನೀರು ಪೂರ್ತಿ ಇಳಿಸಬೇಕು, ಒಂದು ಲೋಟ ಉಳಿದರೂ ಬ್ಲಾಕು ಸೀಳುತ್ತದೆ. ಬ್ಯಾಟರಿ ಬಿಚ್ಚಿ ಒಳಗೆ ಬುಖಾರಿ ಒಲೆಯ ಹತ್ತಿರ ಮಲಗಿಸಬೇಕು. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಬೇಕು, ಎಷ್ಟು ಎಂಬುದನ್ನು ಅವರು ಆಕಾಶ ನೋಡಿ ಹೇಳುತ್ತಿದ್ದರು. ಮೋಡವಿಲ್ಲದ ರಾತ್ರಿಗೆ ಹೆಚ್ಚು. ಬೆಳಿಗ್ಗೆ ಕಬ್ಬಿಣದ ಬಾಂಡ್ಲಿಯಲ್ಲಿ ಎಣ್ಣೆ ನೆನೆಸಿದ ಚಿಂದಿ ಹಚ್ಚಿ ಇಂಜಿನ್ ಆಯಿಲ್ ಚೇಂಬರಿನ ಕೆಳಗೆ ಇಡುವುದು, ಡೀಸೆಲ್ ಪೈಪಿಗೆ ಬ್ಲೋ ಲ್ಯಾಂಪ್ ತೋರಿಸುವುದು, ಕಾದ ನೀರು ಹುಯ್ಯುವುದು, ಪಂಪಿನ ಏರ್ ತೆಗೆಯುವುದು, ಆಮೇಲೆ ಸೆಲ್ಫ್ ಹೊಡೆಯುವುದು. ಮೇಟಗಳ್ಳಿಯಲ್ಲಿ ಡೀಸೆಲ್ ಟ್ಯಾಂಕಿನ ಹತ್ತಿರ ಬೀಡಿ ಹಚ್ಚಿದರೆ ನಮ್ಮ ಯಜಮಾನರು ಸ್ಪ್ಯಾನರ್ ಎಸೆಯುತ್ತಿದ್ದರು!

ಚಳಿಗಿಂತ ಅಲ್ಲಿಯ ಜನ ಚಳಿಗೆ ಮಾಡುವ ಏರ್ಪಾಡು ನನಗೆ ದೊಡ್ಡದಾಗಿ ಕಂಡಿತು. ಆಗ ಜೋಜಿಲಾ ಮುಚ್ಚಿದರೆ ತೆರೆಯುತ್ತಿದ್ದುದು ಏಪ್ರಿಲ್‌ಗೋ ಮೇಗೋ. ಮುಚ್ಚುವಷ್ಟರಲ್ಲಿ ಅಕ್ಕಿ, ಗ್ಯಾಸು, ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲ ಮನೆಯಲ್ಲಿರಬೇಕಿತ್ತು. ಆಲೂಗಡ್ಡೆ, ಕ್ಯಾರೆಟ್, ಟರ್ನಿಪ್ ನೆಲದೊಳಗೆ ಗುಂಡಿ ತೋಡಿ ಮಣ್ಣಿನಲ್ಲಿ ಹುದುಗಿಸಿಡುತ್ತಿದ್ದರು. ಮಾಳಿಗೆಯ ಮೇಲೆ ಹುಲ್ಲು, ಬೆರಣಿ. ನಾನೂ ಒಂದು ಚಳಿಗಾಲಕ್ಕೆ ಬೇಕಾಗುವಷ್ಟು ಫಿಲ್ಟರು, ಗ್ಯಾಸ್ಕೆಟ್ಟು, ಫ್ಯಾನ್ ಬೆಲ್ಟು ಅಕ್ಟೋಬರಿನಲ್ಲೇ ಲೆಕ್ಕ ಹಾಕಿ ತರಿಸಬೇಕಿತ್ತು. ಮರೆತ ವಸ್ತು ಆರು ತಿಂಗಳು ಮರೆತಂತೆಯೇ.

ರಾಗಿ ಹಿಟ್ಟು ಊರಿಂದ ಒಯ್ದಿದ್ದೆ. ಅಲ್ಲಿ ನೀರು ಕುದಿಯುವುದು 88 ಡಿಗ್ರಿಯ ಆಸುಪಾಸಿನಲ್ಲಿ, ಎಸರು ಎಷ್ಟು ಮರಳಿದರೂ ಮುದ್ದೆ ಹಸಿಹಸಿ. ಕೊನೆಗೆ ಹಿಟ್ಟನ್ನು ನೀರಿಗೆ ಹಾಕಿ ಕುಕ್ಕರಿನಲ್ಲಿ ಸೀಟಿ ಹೊಡೆಸಿ, ಆಮೇಲೆ ಕೋಲು ಹಾಕಿ ತಿರುವಿದೆ. ಅವ್ವ ನೋಡಿದ್ದರೆ ಒಪ್ಪುತ್ತಿರಲಿಲ್ಲ. ಅಚೋ ಲೇ ಮಾತ್ರ ನೋಡಿ ನಕ್ಕು, ಹುರಿದ ಬಾರ್ಲಿ ಹಿಟ್ಟಿಗೆ ಚಹಾ ಹುಯ್ದು ಕಲಸಿ ತಮ್ಮ ಕೋಲಕ್ ಉಂಡೆ ಮಾಡಿಕೊಟ್ಟರು. ಒಲೆಯೇ ಬೇಡ. ಅಷ್ಟು ಎತ್ತರದಲ್ಲಿ ಬುದ್ಧಿವಂತರು ಯಾರೆಂದು ಅಲ್ಲೇ ತೀರ್ಮಾನವಾಯಿತು. ಸೈನಿಕರು ಕೆಲವೊಮ್ಮೆ ಉಪ್ಪಿಟ್ಟಿನ ಪೊಟ್ಟಣ ಕೊಡುತ್ತಿದ್ದರು. ಅಂಥ ತಿಂಡಿಯನ್ನು ಸೇನೆಗಾಗಿ ರೂಪಿಸುವ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದಲೂ ಮೈಸೂರಿನಲ್ಲೇ, ಸಿದ್ಧಾರ್ಥನಗರದಲ್ಲಿ ಇದೆ ಎಂದು ನಾನು ಹೇಳಿದರೆ ಅವರು ನಂಬುತ್ತಿರಲಿಲ್ಲ. ಇನ್ನೊಂದು ಸಲ ಪೇಟೆಯಲ್ಲಿ ಸನ್ಯಾಸಿಯೊಬ್ಬರು ಹಿಂದಿನಿಂದ "ಏನ್ ಸ್ವಾಮಿ, ಮೈಸೂರಾ?" ಅಂದರು. ಬೈಲಕುಪ್ಪೆಯ ಸೆರಾ ಮಠದಲ್ಲಿ ಓದಿ ಬಂದ ಲದಾಖಿ. ನನ್ನ ಹಿಂದಿಯಲ್ಲೇ ಮೈಸೂರು ಕಂಡಿತಂತೆ.

ಊರು ಬದಲಾದದ್ದು ಒಮ್ಮೆಗೇ ಅಲ್ಲ. ಹೊರಗಿನ ಪ್ರವಾಸಿಗಳಿಗೆ ಲದಾಖ್ ತೆರೆದದ್ದು 1974ರಲ್ಲೇ, ಮನಾಲಿ ರಸ್ತೆ ಸಾಮಾನ್ಯರಿಗೆ ಸಿಕ್ಕಿದ್ದು 1989ರಲ್ಲಿ. ಆದರೂ ನಾನು ಹೋದಾಗ ಕರೆಂಟು ಸಂಜೆ ಕೆಲವೇ ಗಂಟೆ, ಅದೂ ಬಹುಮಟ್ಟಿಗೆ ಡೀಸೆಲ್ ಜನರೇಟರುಗಳಿಂದ. ಹೋಟೆಲಿನವರ ಜನರೇಟರ್ ರಿಪೇರಿಯೇ ನನಗೆ ಅರ್ಧ ಆದಾಯ. 2009ರಲ್ಲಿ 'ತ್ರೀ ಈಡಿಯಟ್ಸ್' ಚಿತ್ರ ಬಂದ ಮೇಲೆ ಪ್ಯಾಂಗಾಂಗ್ ಸರೋವರ ನೋಡಲು ಬರುವವರ ಸಾಲು ನಿಲ್ಲಲೇ ಇಲ್ಲ. ಒಮ್ಮೆ ಕೆಎ 09 ನಂಬರಿನ ಹಳೆಯ ಯೆಜ್ಡಿ ಬೈಕು ಗ್ಯಾರೇಜಿಗೆ ಬಂತು. ಯಾದವಗಿರಿಯಲ್ಲಿ ಹುಟ್ಟಿದ ಗಾಡಿ, ಉಸಿರು ಕಟ್ಟಿ ನಿಂತಿತ್ತು. ಕಾರ್ಬುರೇಟರಿಗೆ ಸಣ್ಣ ಜೆಟ್ ಹಾಕಿಕೊಟ್ಟೆ. ಹುಡುಗ ದುಡ್ಡು ಕೊಡಲು ಬಂದ, ಇಸಿದುಕೊಂಡೆ. ಊರಿನವನೆಂದು ಬಿಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ.

2010ರ ಆಗಸ್ಟ್ 5ರ ರಾತ್ರಿ ಮೇಘಸ್ಫೋಟವಾಯಿತು. ಮಳೆಯೇ ಇಲ್ಲದ ಊರಿಗೆಂದು ಕಟ್ಟಿದ ಮಣ್ಣಿಟ್ಟಿಗೆಯ ಗೋಡೆ, ಚಪ್ಪಟೆ ಮಾಳಿಗೆ. ಚೋಗ್ಲಮ್‌ಸರ್ ಕಡೆ ಮನೆಗಳೇ ಕೆಸರಾಗಿ ಹರಿದುಹೋದವು. ಸತ್ತವರು ಇನ್ನೂರಕ್ಕೂ ಹೆಚ್ಚು. ಕೆಸರು ತೆಗೆಯುವ ಯಂತ್ರಗಳ ಫಿಲ್ಟರ್ ಬದಲಾಯಿಸುತ್ತಾ ದಿನಗಟ್ಟಲೆ ಅಲ್ಲೇ ಇದ್ದೆ. ಅದರ ಬಗ್ಗೆ ಇನ್ನು ಬರೆಯಲಾರೆ. ಆಮೇಲೆ ಜನ ಸಿಮೆಂಟು, ತಗಡಿನ ಮಾಡಿನ ಕಡೆ ವಾಲಿದರು. ಸಿಮೆಂಟಿನ ಮನೆ ಚಳಿಗಾಲದಲ್ಲಿ ಮಣ್ಣಿನ ಮನೆಯಷ್ಟು ಬೆಚ್ಚಗಿಲ್ಲ, ಅದಕ್ಕೆ ಹೆಚ್ಚು ಉರುವಲು ಬೇಕು. ಅದನ್ನೂ ಲಾರಿಯೇ ತರಬೇಕು.

ನಿಮ್ಮೂ–ಬಾಜ್ಗೋದ 45 ಮೆಗಾವಾಟ್ ಜಲವಿದ್ಯುತ್ ಬಂತು. 2019ರ ಫೆಬ್ರವರಿಯಲ್ಲಿ ಶ್ರೀನಗರದಿಂದ 220 ಕಿಲೋವೋಲ್ಟ್ ತಂತಿ ಲೇಹ್ ಮುಟ್ಟಿತು, ಜನರೇಟರುಗಳ ಕೆಲಸ ತಗ್ಗಿತು. ಅದೇ ವರ್ಷ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಚಳಿಗಾಲದ ಡೀಸೆಲ್ ಎಂದು ಹೊಸದೊಂದನ್ನು ತಂದಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದದ್ದು, ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ನನಗೆ ಅದು ಲದಾಖ್ ಕೇಂದ್ರಾಡಳಿತ ಪ್ರದೇಶವಾದುದಕ್ಕಿಂತ ದೊಡ್ಡ ಸುದ್ದಿ. ಸೀಮೆಎಣ್ಣೆ ಎಷ್ಟು ಬೆರೆಸಬೇಕೆಂದು ಅಚೋ ಲೇ ಅವರನ್ನು ಕೇಳುವವರಿಲ್ಲವಾದರು. ಅವರಿಗೆ ಬೇಸರವೇನೂ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಹೆಪ್ಪುಗಟ್ಟಿದ ಪೈಪು ಹಿಡಿಯುವುದರಲ್ಲಿ ಕಳೆದುಕೊಳ್ಳುವಂಥದ್ದು ಏನಿದೆ ಎಂದರು. ಜೋಜಿಲಾ ಈಗ ಮುಚ್ಚುವುದು ಒಂದೆರಡು ತಿಂಗಳು ಮಾತ್ರ. 2020ರಲ್ಲಿ ತೆರೆದ ಅಟಲ್ ಸುರಂಗದಿಂದ ಲೇಹ್‌ಗೆ ವರ್ಷವಿಡೀ ದಾರಿಯಾಯಿತು ಎಂದು ನಮ್ಮ ಬೀದಿಯವರು ತಿಳಿದಿದ್ದಾರೆ. ಅದು ಲಾಹೌಲ್‌ವರೆಗೆ ಮಾತ್ರ ನಿಜ, ಆಚೆ ಬಾರಾಲಾಚಾ ಕಣಿವೆ ಹಾಗೇ ಇದೆ. ನನ್ನ ಕಣ್ಣಿಗೆ ಚುಚ್ಚಿದ್ದು ನೀರು. ಒಣ ಕಕ್ಕಸಿನ ಗೊಬ್ಬರವನ್ನು ಹೊಲಕ್ಕೆ ಹಾಕುತ್ತಿದ್ದ ಊರಿನಲ್ಲಿ ಹೋಟೆಲುಗಳು ಕೊಳವೆಬಾವಿ ತೋಡಿ ಫ್ಲಶ್ ಎಳೆಯುತ್ತಿವೆ. ಮಳೆಯೇ ಬೀಳದ ಕಡೆ ಇದು ಎಷ್ಟು ದಿನ ನಡೆದೀತು?

ನಾನು ಮೇಟಗಳ್ಳಿಗೆ ಮರಳಿದ್ದೇನೆ. ಗ್ಯಾರೇಜನ್ನು ಅಚೋ ಲೇ ಅವರ ಮೊಮ್ಮಗ ನೋಡಿಕೊಳ್ಳುತ್ತಾನೆ, ಪಂಪು ಬಿಚ್ಚುವುದಿಲ್ಲ, ಸ್ಕ್ಯಾನರ್ ಚುಚ್ಚುತ್ತಾನೆ. ಕಳೆದ ಜನವರಿಯಲ್ಲಿ ಫೋನು ಮಾಡಿದ. ಬಿಎಸ್ 6 ಲಾರಿಯೊಂದು ನಿಂತಿದೆ, ಡೀಸೆಲ್ ಸರಿಯಾಗಿಯೇ ಹರಿಯುತ್ತಿದೆ, ಏನು ಮಾಡಲಿ ಎಂದ. ಆ ಲಾರಿಗಳಿಗೆ ಹೊಗೆ ಶುದ್ಧಿ ಮಾಡಲು ಯೂರಿಯಾ ದ್ರಾವಣದ ಬೇರೆ ಟ್ಯಾಂಕು ಇರುತ್ತದೆ. ಆ ದ್ರಾವಣ ಮೈನಸ್ 11ಕ್ಕೇ ಹೆಪ್ಪುಗಟ್ಟುತ್ತದೆ. ಟ್ಯಾಂಕಿನ ಹೀಟರ್ ಲೈನು ನೋಡು ಎಂದೆ. ನೋಡಿದೆ, ಬ್ಲಾಕ್ ಆಗಿದೆ, ತಾತನ ಬಾಂಡ್ಲಿ ಇನ್ನೂ ಇಲ್ಲೇ ಇದೆ, ಹಚ್ಚಲಾ ಅಂದ. "ಬೇಡ ಕಣೋ, ಅದು ಪ್ಲಾಸ್ಟಿಕ್ ಟ್ಯಾಂಕು, ಬಿಸಿನೀರು ಹುಯ್ಯಿ," ಎಂದೆ.