ಎರಡು ಗಂಗಾಪುರ, ಒಂದು ಫೋನು

ಮಹಾರಾಷ್ಟ್ರದಲ್ಲಿರುವ ಕನ್ನಡಿಗರು ‘ಗಂಗಾಪುರಕ್ಕೆ ಹೋಗುತ್ತಿದ್ದೇನೆ’ ಎಂದರೆ ಊರಿನವರು ಕೇಳಿಸಿಕೊಳ್ಳುವುದು ‘ಗಾಣಗಾಪುರ’ ಎಂದೇ. ಅಫಜಲಪುರ ತಾಲ್ಲೂಕು, ಭೀಮಾ-ಅಮರಜಾ ಸಂಗಮ, ನರಸಿಂಹ ಸರಸ್ವತಿಗಳ ಮಠ. 2024ರ ಆಗಸ್ಟ್ ಕೊನೆಯಲ್ಲಿ ಪುಣೆಯಿಂದ ಹೊರಡುವ ಮುನ್ನ ಕಲಬುರಗಿಯಲ್ಲಿರುವ ಅಮ್ಮನಿಗೆ ಹೇಳಿದಾಗಲೂ ಹಾಗೇ ಆಯಿತು. “ಅಷ್ಟ್ ಸಮೀಪ ಬಂದು ಮನಿಗಿ ಬರಲ್ಲೇನು?” ಎಂದು ಕೇಳಿದಳು. ನಾನು ಹೊರಟಿದ್ದು ಗೋದಾವರಿ ದಂಡೆಯ ಎರಡು ಗಂಗಾಪುರಗಳಿಗೆ ಎಂದು ಬಿಡಿಸಿ ಹೇಳಬೇಕಾಯಿತು.

ಒಂದು ಗಂಗಾಪುರ ನಾಸಿಕ್ ನಗರದ ಅಂಚಿನಲ್ಲಿದೆ, ಗೋದಾವರಿಯ ಅಣೆಕಟ್ಟಿಗೆ ಹೆಸರು ಕೊಟ್ಟ ಊರು. ಇನ್ನೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರ. ಈ ಸೀಮೆಯವರಿಗೆ ಗೋದಾವರಿಯೇ ಗಂಗೆ. ನಾಸಿಕಿನಲ್ಲಿ ನದಿ ಘಾಟಿಗೆ ಹೋಗುವುದಕ್ಕೆ ‘ಗಂಗೇವರ್’ ಎನ್ನುತ್ತಾರೆ. ಕೆಳಗಿನ ದಂಡೆಯ ಊರುಗಳ ಸಾಲಿಗೆ ‘ಗಂಗಥಡಿ’ ಎಂದು ಹೆಸರು. ಹೀಗಿರುವಾಗ ಒಂದೇ ನದಿಯ ಉದ್ದಕ್ಕೆ ಎರಡು ಗಂಗಾಪುರಗಳಿದ್ದರೆ ಅಚ್ಚರಿಯಿಲ್ಲ.

ಹಿಂಜವಡಿಯ ನನ್ನ ಸಹೋದ್ಯೋಗಿ ಗೆಳೆಯನ ಊರು ಕೆಳಗಿನ ಗಂಗಾಪುರದ ಹತ್ತಿರದ ಹಳ್ಳಿ. ಅವನಿಗೆ ನಾಸಿಕಿನಲ್ಲಿ ಕೆಲಸವಿತ್ತು. ಅದನ್ನು ಮುಗಿಸಿಕೊಂಡು ಊರಿಗೆ ಹೋಗಿ, ತಂದೆಗೆ ಹೊಸ ಫೋನು ಕೊಡಿಸಿ ಬರುವುದು ಯೋಜನೆ. ನನಗೂ ಒಂದು ತಲೆನೋವಿತ್ತು. ನನ್ನ ಫೋನಿಗೆ ನಾಲ್ಕು ವರ್ಷವಾಗಿ, ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತಿತ್ತು. ಹೊಸದಕ್ಕೆ ಯಾವ ಅಪ್‌ಗ್ರೇಡ್ ಪ್ಲಾನ್, ಇನ್ಶೂರೆನ್ಸ್ ಬೇಕೋ ಬೇಡವೋ ಎಂದು ತಿಂಗಳಿಂದ ಎಕ್ಸೆಲ್ ಶೀಟ್ ತುಂಬಿಸುತ್ತಿದ್ದೆ.

ನಾಸಿಕಿನ ಗಂಗಾಪುರ್ ರೋಡ್ ಈಗ ಕೆಫೆ, ಕಾಲೇಜು, ದೊಡ್ಡ ಅಪಾರ್ಟ್‌ಮೆಂಟುಗಳ ರಸ್ತೆ. ನಗರ ಮುಗಿಯುತ್ತಿದ್ದಂತೆ ದ್ರಾಕ್ಷಿ ತೋಟಗಳು ಶುರುವಾಗುತ್ತವೆ. ದಾರಿಯಲ್ಲಿ ಸೋಮೇಶ್ವರದ ಜಲಪಾತ. ಮಳೆಗಾಲದಲ್ಲಿ ಗೋದಾವರಿ ಅಲ್ಲಿ ಕಪ್ಪು ಬಂಡೆಗಳ ಮೇಲೆ ಕಂದು ನೊರೆಯಾಗಿ ಬೀಳುತ್ತದೆ. ಕಟಾಂಜನದ ಬಳಿ ನಿಂತವರೆಲ್ಲರ ಕೈಯೂ ನೀರಿನ ಕಡೆಗೇ ಚಾಚಿತ್ತು, ಪ್ರತಿ ಕೈಯಲ್ಲೂ ಫೋನು. ಒಬ್ಬ ಹುಡುಗ ಹನಿ ಹಾರುವಲ್ಲಿಗೇ ಇಳಿದು “ವಾಟರ್‌ಪ್ರೂಫ್ ಆಹೇ!” ಎಂದು ಕೂಗಿ ಫೋನನ್ನು ಒದ್ದೆ ಬಂಡೆಯ ಮೇಲಿಟ್ಟ.

ಆ ಹುಡುಗನ ಮಾತಿನಲ್ಲೇ ನಮ್ಮಲ್ಲಿ ಬಹಳ ಜನರ ತಪ್ಪು ತಿಳಿವಳಿಕೆ ಇದೆ. ಪೆಟ್ಟಿಗೆಯ ಮೇಲಿನ ‘ಐಪಿ68’ ಎಂಬುದರಲ್ಲಿ 6 ಎಂದರೆ ಧೂಳು ಒಳಹೋಗದು. 8 ಎಂದರೆ ತಯಾರಕರು ಹೇಳಿದಷ್ಟು ಆಳ, ಹೇಳಿದಷ್ಟು ಹೊತ್ತು ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದ್ದಾರೆ. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಸಿಹಿನೀರಿನಲ್ಲಿ, ಹೊಚ್ಚ ಹೊಸ ಫೋನಿನ ಮೇಲೆ. ಒಮ್ಮೆ ಬಿದ್ದು ಅಂಚು ಸಡಿಲವಾದ ಫೋನಿಗೆ ಅದು ಅನ್ವಯಿಸಬೇಕೆಂದೇನಿಲ್ಲ. ಇದೇ ಕಾರಣಕ್ಕೆ ಈ ಗುರುತಿರುವ ಫೋನುಗಳಿಗೂ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿಯಲ್ಲಿ ನೀರಿನ ಹಾನಿ ಸೇರಿರುವುದಿಲ್ಲ. ಒಳಗೆ ಅಂಟಿಸಿರುವ ಚಿಕ್ಕ ಸೂಚಕ ಕೆಂಪಾಗಿದ್ದರೆ ಸರ್ವಿಸ್ ಸೆಂಟರಿನವರು ಅದನ್ನು ತೋರಿಸಿ ಕೈಮುಗಿಯುತ್ತಾರೆ.

ಅಣೆಕಟ್ಟು ಅಲ್ಲಿಂದ ಮೇಲಕ್ಕೆ. 1965ರಲ್ಲಿ ಮುಗಿದ ಮಣ್ಣಿನ ಕಟ್ಟೆ, ಸುಮಾರು 4 ಕಿಲೋಮೀಟರ್ ಉದ್ದ; ನಾಸಿಕ್ ನಗರ ಕುಡಿಯುವುದು ಮುಖ್ಯವಾಗಿ ಇದರ ನೀರನ್ನು. ಸಂಗ್ರಹ ಐದೂವರೆ ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಕೆಳಗೆ ಪೈಠಣದಲ್ಲಿರುವ ಜಾಯಕವಾಡಿಯ ನಾಥಸಾಗರ ನೂರು ಟಿಎಂಸಿ ದಾಟುವ ಜಲಾಶಯ. ಇವೆರಡರ ನಡುವೆ ಹಳೆಯ ಜಗಳವಿದೆ. ಮೇಲಿನವರು ಹಿಡಿದಿಟ್ಟರೆ ಕೆಳಗಿನ ಮರಾಠವಾಡಾ ಒಣಗುತ್ತದೆ. 2014ರಲ್ಲಿ ಮಹಾರಾಷ್ಟ್ರದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಒಂದು ಸೂತ್ರ ಹಾಕಿತು: ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಶೇ 65ಕ್ಕಿಂತ ಕಡಿಮೆ ನೀರಿದ್ದರೆ ಮೇಲಿನ ಅಣೆಕಟ್ಟುಗಳು ಬಿಡಬೇಕು. ಕಾವೇರಿಯ ಮಾತು ಕೇಳಿ ಬೆಳೆದ ನಮಗೆ ಇದೆಲ್ಲ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಮೇಲಿನವರೂ ಕೆಳಗಿನವರೂ ಒಂದೇ ರಾಜ್ಯದವರು.

ಮಾರನೆಯ ದಿನ ನಿಫಾಡ, ಯೇವಲಾ, ವೈಜಾಪುರ ದಾಟಿ ಕೆಳಗಿನ ಗಂಗಾಪುರಕ್ಕೆ ಬಂದೆವು. ದ್ರಾಕ್ಷಿ ಹಿಂದೆ ಸರಿದು ಹತ್ತಿ, ಮೆಕ್ಕೆಜೋಳ ಬಂದವು. ಇದೇ ತಾಲ್ಲೂಕಿನ ಒಂದು ಮೂಲೆಯಲ್ಲಿ ವಾಳೂಜ್ ಕೈಗಾರಿಕಾ ಪ್ರದೇಶವಿದೆ. ಗಂಗಾಪುರ ಪೇಟೆ ಮಾತ್ರ ಬೀಜ-ಗೊಬ್ಬರದ ಅಂಗಡಿ, ಬಸ್ ಸ್ಟ್ಯಾಂಡ್, ಅದರ ಸುತ್ತ ಸಾಲು ಸಾಲು ಮೊಬೈಲ್ ಅಂಗಡಿಗಳ ಊರು.

ಗೆಳೆಯನ ತಂದೆಯನ್ನು ನಾನು ಕಾಕಾ ಎನ್ನುತ್ತೇನೆ. ಅವರ ಫೋನಿನ ಪರದೆ ಬೈಕಿನಿಂದ ಬಿದ್ದು ಬಿರುಕು ಬಿಟ್ಟಿತ್ತು, ಕೆಳಗಿನ ಎಡಮೂಲೆಯಲ್ಲಿ ಬೆರಳು ಹಿಡಿಯುತ್ತಿರಲಿಲ್ಲ. ‘ಈ-ಪೀಕ್ ಪಾಹಣಿ’ ಆ್ಯಪಿನ ಗುಂಡಿ ಸರಿಯಾಗಿ ಅಲ್ಲೇ ಬರುತ್ತಿತ್ತು. 2021ರಿಂದ ಮಹಾರಾಷ್ಟ್ರದ ರೈತ ತನ್ನ ಬೆಳೆಯನ್ನು ತಾನೇ ಹೊಲದಲ್ಲಿ ನಿಂತು ಫೋಟೊ ತೆಗೆದು ‘ಸಾತ್‌ಬಾರಾ’ದಲ್ಲಿ, ಅಂದರೆ ನಮ್ಮ ಪಹಣಿಯಂಥ ದಾಖಲೆಯಲ್ಲಿ, ಏರಿಸಬೇಕು. ನಮ್ಮ ಕಡೆಯ ಬೆಳೆ ಸಮೀಕ್ಷೆ ಆ್ಯಪ್ ಇದರ ಅಣ್ಣನೋ ತಮ್ಮನೋ. ಬೆಳೆ ವಿಮೆಯಲ್ಲೂ ಅಷ್ಟೇ. ಆಗಿನ ನಿಯಮದಲ್ಲಿ ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸಬೇಕಿತ್ತು. ಸಹಾಯವಾಣಿಯೂ ಇತ್ತು, ಆದರೆ ಫೋಟೊ ಸಮೇತ ಆ್ಯಪಿನಲ್ಲಿ ಹಾಕಿದರೇ ಕಾಕಾಗೆ ಸಮಾಧಾನ.

ಅಂಗಡಿಯ ಹುಡುಗ ಹದಿನೈದು ಸಾವಿರದ ಒಂದು ಫೋನು ತೋರಿಸಿ, ಅದರ ಸುತ್ತ ಮೂರು ಯೋಜನೆ ಹರಡಿದ. ಒಂದು, ಬಡ್ಡಿಯಿಲ್ಲದ ಕಂತು. ಎರಡು, ‘ಅಪ್‌ಗ್ರೇಡ್ ಪ್ಲಾನ್’: ಈಗ ಒಂದಿಷ್ಟು ಹೆಚ್ಚು ಕೊಟ್ಟರೆ ವರ್ಷದ ನಂತರ ನಿಗದಿತ ಬೆಲೆಗೆ ವಾಪಸ್ ತೆಗೆದುಕೊಂಡು ಹೊಸದು ಕೊಡುತ್ತಾರೆ. ಮೂರು, ಬಿದ್ದರೆ, ನೀರು ಹೋದರೆ, ಕಳವಾದರೆ ವಿಮೆ. ವರ್ಷಕ್ಕೆ ಸುಮಾರು ಸಾವಿರದ ಎಂಟುನೂರು.

ನಾನು ಕನ್ನಡಕ ಏರಿಸಿ ಷರತ್ತು ಓದಲು ಕೂತೆ. ಅಷ್ಟರಲ್ಲಿ ಕಾಕಾ ಪ್ರಶ್ನೆ ಶುರು ಮಾಡಿದ್ದರು.

“ಎಷ್ಟು ತಾಸಿನೊಳಗೆ ಹೇಳಬೇಕು?”

“ನಲವತ್ತೆಂಟು.”

“ಯಾತರಿಂದ ಹೇಳೋದು? ಫೋನೇ ಒಡೆದಿರುತ್ತಲ್ಲ.”

ಹುಡುಗ ನಕ್ಕ. ಕಾಕಾ ನಗಲಿಲ್ಲ. “ಪಂಚನಾಮೆ ಯಾರು ಮಾಡ್ತಾರೆ?” ಎಂದರು. ಸಂಭಾಜಿನಗರದ ಸರ್ವಿಸ್ ಸೆಂಟರಿಗೆ ಕಳಿಸಬೇಕು, ಅಲ್ಲಿಯವರು ನೋಡಿ ಹೇಳುತ್ತಾರೆ. “ಎಷ್ಟು ದಿನ?” ಹತ್ತರಿಂದ ಹದಿನೈದು. “ಅಷ್ಟು ದಿನ ಬೇರೆ ಫೋನು ಕೊಡ್ತೀರಾ?” ಇಲ್ಲ. “ಕಡಿತ ಎಷ್ಟು?” ಪ್ರತಿ ಸಲವೂ ಐನೂರು, ಮೇಲೆ ಫೋನು ಹಳೆಯದಾದಷ್ಟೂ ಸವಕಳಿ. “ಬಸ್ ಸ್ಟ್ಯಾಂಡಿನಲ್ಲಿ ಜೇಬಿಂದ ಹೋದರೆ?” ಹುಡುಗ ನನ್ನ ಮುಖ ನೋಡಿದ. ನಾನು ಓದುತ್ತಿದ್ದ ಸಾಲೇ ಅದು: ಬೀಗ ಮುರಿದೋ ಬಲ ಪ್ರಯೋಗಿಸಿಯೋ ಕದ್ದಿದ್ದರೆ ಮಾತ್ರ, ಅದೂ ಎಫ್‌ಐಆರ್ ಸಮೇತ. ಎಲ್ಲೋ ಬಿದ್ದು ಹೋದರೆ ಇಲ್ಲ.

ವಿಮೆಗೆ ಏನು ಕೇಳಬೇಕೆಂದು ಕಾಕಾಗೆ ಯಾರೂ ಕಲಿಸಬೇಕಾಗಿರಲಿಲ್ಲ. ವರ್ಷವರ್ಷವೂ ಹೊಲಕ್ಕೆ ಮಾಡಿಸಿದವರು, ಒಮ್ಮೆ ಬಂದದ್ದನ್ನೂ ಎರಡು ಸಲ ಬಾರದಿದ್ದುದನ್ನೂ ಕಂಡವರು. ಆ ಮುಂಗಾರಿನಲ್ಲಿ ಬೆಳೆ ವಿಮೆಗೆ ರೈತರಿಂದ ಒಂದೇ ರೂಪಾಯಿ ಪಡೆಯುತ್ತಿದ್ದರು. 2025ರಲ್ಲಿ ಸರ್ಕಾರ ಆ ಯೋಜನೆ ನಿಲ್ಲಿಸಿತು. “ಕಂತು ಕಡಿಮೆ ಇದೆ ಅಂತ ಯಾರೂ ಮಾಡಿಸಬಾರದು. ಕೊಡುವ ದಿನ ಏನಂತಾರೆ, ಅದು ನೋಡಬೇಕು” ಎಂದರು.

ಅಪ್‌ಗ್ರೇಡ್ ಪ್ಲಾನಿಗೂ ಅದೇ ಪರೀಕ್ಷೆ. ವರ್ಷದ ನಂತರ ವಾಪಸ್ ಕೊಡುವಾಗ ಗಾಜು ಬಿರುಕು ಬಿಟ್ಟಿರಬಾರದು, ಹೊಸದನ್ನು ಅವರಲ್ಲೇ ಕೊಳ್ಳಬೇಕು. “ನನ್ನ ಕೈಯಲ್ಲಿ ವರ್ಷ ಕಳೆದ ಫೋನು ಗೀರಿಲ್ಲದೆ ಇರುತ್ತಾ?” ಎಂದು ಮಣ್ಣು ಹಿಡಿದ ಅಂಗೈ ತೋರಿಸಿದರು.

ಕೊನೆಗೆ ಅವರು ಮಾಡಿದ್ದು ಇಷ್ಟು. ಹೊಸ ಫೋನನ್ನು ಹಾಲಿನ ದುಡ್ಡಿನಲ್ಲಿ ನಗದಾಗಿ ಕೊಂಡರು, ಗಟ್ಟಿ ಕವರು ಮತ್ತು ಗಾಜು ಹಾಕಿಸಿದರು. ಅಪ್‌ಗ್ರೇಡ್ ಬೇಡ, ವಿಮೆ ಬೇಡ. ವಿಮೆಗೆ ಕೊಡುತ್ತಿದ್ದ ಸಾವಿರದ ಎಂಟುನೂರಿನಲ್ಲಿ ಎದುರಿನ ರಿಪೇರಿ ಅಂಗಡಿಯಲ್ಲಿ ಹಳೆಯ ಫೋನಿಗೆ ಪರದೆ ಬದಲಿಸಿದರು. ಎರಡರಲ್ಲೂ ಆ್ಯಪುಗಳನ್ನು ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. “ಮಳೆ ಬಂದು ಹೊಲ ಮುಳುಗಿದ ದಿನವೇ ಫೋನೂ ಮುಳುಗೋದು. ಆವತ್ತು ದುಡ್ಡು ಇಟ್ಟುಕೊಂಡು ಏನು ಮಾಡಲಿ? ಇನ್ನೊಂದು ಫೋನು ಬೇಕು.” ನಮ್ಮ ಆಫೀಸಿನಲ್ಲಿ ಇದಕ್ಕೆ ಬ್ಯಾಕಪ್ ಸರ್ವರ್ ಎನ್ನುತ್ತೇವೆ.

ಪುಣೆಗೆ ಮರಳುವ ದಾರಿಯಲ್ಲಿ ಕಾಯಗಾವ್ ಬಳಿ ಇಳಿದೆವು. ಪ್ರವರಾ ನದಿ ಗೋದಾವರಿಯನ್ನು ಸೇರುವ ಜಾಗ; ಆಚೆ ದಡದಲ್ಲಿ ಟೋಕಾದ ಹಳೆಯ ಸಿದ್ಧೇಶ್ವರ ದೇವಾಲಯ. ಮೇಲಿನ ಗಂಗಾಪುರದಲ್ಲಿ ನೋಡಿದ ಕಂದು ನೀರು ಇಲ್ಲಿ ಅಗಲವಾಗಿ, ಸದ್ದಿಲ್ಲದೆ ನಾಥಸಾಗರದ ಕಡೆ ಹೋಗುತ್ತಿತ್ತು. ಸೇತುವೆಯ ಪಕ್ಕ ಚಹಾ ಕುಡಿಯುತ್ತ ನನ್ನ ಎಕ್ಸೆಲ್ ಶೀಟಿನ ಲೆಕ್ಕವನ್ನು ಮತ್ತೆ ಹಾಕಿದೆ.

ಕಾಕಾ ಮಾಡಿದಂತೆಯೇ ಮಾಡಬೇಕು ಎಂದು ನನಗೆ ಅನ್ನಿಸಲಿಲ್ಲ. ಅವರಿಗೆ ತಡೆಯಲಾಗದ್ದು ದಿನಗಳ ನಷ್ಟ. ಮೂರು ದಿನ ಫೋನಿಲ್ಲದಿದ್ದರೆ ಒಂದು ಹಂಗಾಮಿನ ಬೆಳೆಯ ಪರಿಹಾರ ಕೈತಪ್ಪಬಹುದು. ನನಗೆ ಲ್ಯಾಪ್‌ಟಾಪ್ ಇದೆ, ಮನೆಯಲ್ಲಿ ಹೆಂಡತಿಯ ಫೋನಿದೆ, ಹತ್ತು ದಿನ ಹೇಗೋ ನಡೆಯುತ್ತದೆ. ನನಗೆ ತಡೆಯಲಾಗದ್ದು ಮನೆಸಾಲದ ಕಂತಿನ ತಿಂಗಳಲ್ಲಿ ದಿಢೀರನೆ ಬರುವ ಮೂವತ್ತು ಸಾವಿರದ ಪರದೆ ಬಿಲ್ಲು. ಹಾಗಾಗಿ ಹೊಸ ಫೋನಿಗೆ ತಯಾರಕರದೇ ಹಾನಿ ರಕ್ಷಣೆ ತೆಗೆದುಕೊಂಡೆ. ಕಳವಿನ ಭಾಗ ಬಿಟ್ಟೆ. ಅಪ್‌ಗ್ರೇಡ್ ಪ್ಲಾನನ್ನು ಕಾಕಾನಂತೆಯೇ ಬಿಟ್ಟೆ. 2023-24ರಿಂದ ಗೂಗಲ್, ಸ್ಯಾಮ್‌ಸಂಗ್ ತಮ್ಮ ಮೇಲ್ದರ್ಜೆಯ ಫೋನುಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟಿರುವಾಗ, ವರ್ಷಕ್ಕೊಮ್ಮೆ ಬದಲಿಸಲು ಮುಂಗಡ ಕೊಡುವುದೇಕೆ?

ನೀವೂ ಈ ಲೆಕ್ಕದಲ್ಲಿದ್ದರೆ ಫೋನಿನ ಬೆಲೆಯಿಂದ ಶುರು ಮಾಡಬೇಡಿ. ಫೋನು ಹೋದ ದಿನ ನಿಮಗೆ ಕಷ್ಟವಾಗುವುದು ದುಡ್ಡಿಗೋ ದಿನಗಳಿಗೋ ನೋಡಿ. ದುಡ್ಡಿಗಾದರೆ ವಿಮೆ ಯೋಚಿಸಿ, ಆದರೆ ಕಡಿತ, ಸವಕಳಿ, ಗಡುವು ಮೂರನ್ನೂ ಕೇಳಿ. ದಿನಗಳಿಗಾದರೆ ಡ್ರಾಯರಿನಲ್ಲಿ ಒಂದು ಚಾಲೂ ಫೋನು ಇಟ್ಟುಕೊಳ್ಳಿ. ಕಳವಿಗೆ ಖರ್ಚಿಲ್ಲದ ಒಂದು ಕೆಲಸವಿದೆ: *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ದೂರು ಕೊಟ್ಟ ಮೇಲೆ ‘ಸಂಚಾರ್ ಸಾಥಿ’ಯಲ್ಲಿ ಅದರಿಂದಲೇ ಫೋನನ್ನು ನಿರ್ಬಂಧಿಸಬಹುದು.

ಸೆಪ್ಟೆಂಬರಿನಲ್ಲಿ ನಾಥಸಾಗರ ತುಂಬಿತು. ಆ ವರ್ಷ ಮೇಲಿನವರಿಗೂ ಕೆಳಗಿನವರಿಗೂ ಜಗಳಕ್ಕೆ ಕಾರಣ ಸಿಗಲಿಲ್ಲ. ಕಾಕಾ ಹತ್ತಿಯ ಹೊಲದ ಫೋಟೊ ಕಳಿಸಿ, ಕೆಳಗೆ ಒಂದು ಸಾಲು ಬರೆದಿದ್ದರು: ಪಾಹಣಿ ಆಯಿತು, ಹಳೆಯ ಫೋನಿನಿಂದ, ಹೊಸದು ಚಾರ್ಜಿಗಿತ್ತು.