ಚಿಗರಿ ಬಸ್ಸು ಮತ್ತು ನಮ್ಮ ಕಾಕಾ

ಚಿಗರಿ ಅಂದರೆ ನಿಮಗೆಲ್ಲ ಗೊತ್ತು, ಹೊಲದಾಗ ಜಿಗಿಯುವ ಕೃಷ್ಣಮೃಗ. ಆದರೆ ನಾನು ಬರೆಯುವುದು ಬಸ್ಸಿನ ಬಗ್ಗೆ. ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿಯೇ ಕೂಡಿ ಒಂದು ಪಾಲಿಕೆ ಆದವು. ಆದರೆ ನಡುವಿನ ದಾರಿ ಸುಮಾರು 20 ಕಿ.ಮೀ. ಹಾಗೆಯೇ ಉಳಿಯಿತು. ಆ ದಾರಿಯಲ್ಲಿ 2018ರ ಅಕ್ಟೋಬರದಲ್ಲಿ ಬಿ.ಆರ್.ಟಿ.ಎಸ್. ಬಸ್ಸು ಓಡಲು ಶುರುವಾದವು. ಅವಕ್ಕೆ ಚಿಗರಿ ಅಂತ ಹೆಸರು.

ಈ ಬಸ್ಸಿನ ನಿಲ್ದಾಣ ರಸ್ತೆಯ ಮಧ್ಯದಲ್ಲಿ ಇರುತ್ತದೆ. ಅದಕ್ಕೇ ಬಾಗಿಲು ಬಲಗಡೆ. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಎರಡೂ ಒಂದೇ ಎತ್ತರ. ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ. ಮನೆಯ ಪಡಸಾಲೆಯಿಂದ ಒಳಗಿನ ಖೋಲಿಗೆ ಹೋದಂಗ ಹೋಗಬಹುದು.

ಇದು ದೊಡ್ಡ ಮಾತೇನು ಅಂತ ನೀವು ಕೇಳಬಹುದು. ನಮ್ಮ ಸಣ್ಣ ಕಾಕಾನಿಗೆ ದೊಡ್ಡ ಮಾತೇ. ಅವನಿಗೆ ಚಿಕ್ಕವನಿದ್ದಾಗ ಪೋಲಿಯೋ ಆಗಿ ಎರಡೂ ಕಾಲು ಬರುವುದಿಲ್ಲ. ಗಾಲಿ ಕುರ್ಚಿಯಲ್ಲಿ ಕೂತು ಅಡ್ಡಾಡುತ್ತಾನೆ. ಕೈಹೊಲಿಗೆ ಯಂತ್ರದಲ್ಲಿ ಕುಬಸ ಹೊಲಿಯುತ್ತಾನೆ. ಊರ ಬಸ್ಸಿನ ಮೆಟ್ಟಿಲು ಬಲು ಎತ್ತರ, ಅಪ್ಪ ಅವನನ್ನು ಎತ್ತಿ ಹತ್ತಿಸಬೇಕು. ಜನರೆಲ್ಲ ನೋಡುತ್ತಾರೆ. "ನಾ ಏನು ಜೋಳದ ಚೀಲ ಏನೋ?" ಅಂತ ಕಾಕಾ ನಗುತ್ತಾನೆ, ಆದರೆ ಆಮೇಲೆ ಬಹಳ ಹೊತ್ತು ಮಾತಾಡುವುದಿಲ್ಲ.

ದೀಪಾವಳಿ ರಜೆಯಲ್ಲಿ ನಾವು ಮೂವರು ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿಯಲ್ಲಿ ಹೋದೆವು. ಕಾಕಾ ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದ. ನಾನು ಹಿಂದಿನಿಂದ ಹಿಡಿಯಲು ಹೋದರೆ "ಕೈ ಬಿಡಪಾ" ಅಂದ. ಉಣಕಲ್ ಕೆರೆ ಬಂದಾಗ ಸಣ್ಣ ಹುಡುಗರಂಗ ಕಿಟಕಿಯಲ್ಲಿ ಬೆರಳು ಮಾಡಿ ತೋರಿಸಿದ.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಬಟ್ಟೆ ಅಂಗಡಿ ಇನ್ನೂರು ಹೆಜ್ಜೆ ಅಷ್ಟೇ. ಮೊದಲು ರಸ್ತೆ ದಾಟಬೇಕು. ಎರಡೂ ಕಡೆ ಗಾಡಿಗಳು. ದಾಟಿದರೆ ಫುಟ್‌ಪಾತ್ ನನ್ನ ಮೊಣಕಾಲ ಹತ್ತಿರ ಬರುವಷ್ಟು ಎತ್ತರ. ಇಬ್ಬರೂ ಕುರ್ಚಿ ಎತ್ತಿ ಇಟ್ಟೆವು. ಸ್ವಲ್ಪ ಮುಂದೆ ಗಟಾರದ ಕಲ್ಲು ಒಡೆದಿತ್ತು. ನಡುವೆ ಕರೆಂಟ್ ಕಂಬ, ಅದರಾಚೆ ಮೋಟರ್ ಸೈಕಲ್ ಸಾಲು, ಮಿರ್ಚಿ ಭಜಿ ಗಾಡಿ. ನಾನು ಭಜಿಯವನ ಮೇಲೆ ಸಿಟ್ಟಾದೆ. "ಅವನೂ ಹೊಟ್ಟಿಪಾಡಿಗೆ ನಿಂತಾನ, ಅವಗೂ ಒಂದು ಜಾಗಾ ಬೇಕಲ್ಲ" ಅಂತ ಕಾಕಾ ಅಂದ. ಬೀದಿ ವ್ಯಾಪಾರಿಗಳಿಗೆ ಜಾಗ ಗೊತ್ತು ಮಾಡಿಕೊಡಬೇಕು ಅಂತ 2014ರ ಕಾಯ್ದೆಯೇ ಇದೆ.

ಕಡೆಗೆ ಕಾಕಾ ಮೂಲೆಯಲ್ಲೇ ನಿಂತ, ಅಪ್ಪ ಅಂಗಡಿಗೆ ಹೋದ. ಕಾಕಾ ಹೇಳಿದ್ದು ಗಿಳಿಹಸಿರು, ಅಪ್ಪ ತಂದದ್ದು ಎಲೆಹಸಿರು. ಅಸ್ತರ ಬಟ್ಟೆ ಕುಬಸಕ್ಕೆ ಹೊಂದಲಿಲ್ಲ, ಆ ಹೊಲಿಗೆಯ ರೊಕ್ಕ ಹೋಯಿತು. ಇಪ್ಪತ್ತು ಕಿಲೋಮೀಟರ್ ಒಬ್ಬನೇ ಬರಬಲ್ಲವನಿಗೆ ಇನ್ನೂರು ಹೆಜ್ಜೆ ಹೋಗಲು ಆಗಲಿಲ್ಲ. ಮುಪ್ಪಿನವರಿಗೂ, ಕೂಸು ಎತ್ತಿಕೊಂಡವರಿಗೂ ಅದೇ ದಾರಿ.

ಇದಕ್ಕೆ ನಿಯಮ ಇಲ್ಲ ಅಂತಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಜಾಗ ಕಡಿಮೆ ಅಂದರೂ 1.8 ಮೀಟರ್ ಅಗಲ ಇರಬೇಕು, ಎತ್ತರ 15 ಸೆಂ.ಮೀ. ಮೀರಬಾರದು. ನಮ್ಮ ಪಟ್ಟಿಯಿಂದ ಅಳೆದರೆ ಅರ್ಧ ಪಟ್ಟಿ! ಗಾಲಿ ಕುರ್ಚಿಯ ಇಳಿಜಾರಿಗೆ 1:12 ಅನುಪಾತ, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅನುಪಾತದ ಲೆಕ್ಕ ಎಲ್ಲಿ ಉಪಯೋಗ ಅಂತ ನಾವು ಗುರುಗಳನ್ನು ಕೇಳುತ್ತಿದ್ದೆವಲ್ಲ, ಇಲ್ಲಿ.

ಹೋದ ವಾರ ನಾವು ನಾಲ್ವರು ಟೇಪು ಹಿಡಿದು ಊರ ಬಸ್ ನಿಲ್ದಾಣದ ಕಟ್ಟೆ ಅಳೆದೆವು. ಎತ್ತರ ಒಂದೂಕಾಲು ಅಡಿ, ಇಳಿಜಾರಿಗೆ 15 ಅಡಿ ಬೇಕು. ಬೇವಿನ ಗಿಡದ ಕಡೆ 19 ಅಡಿ ಖಾಲಿ ಜಾಗ ಇದೆ. ಮಕ್ಕಳ ಗ್ರಾಮಸಭೆಯಲ್ಲಿ ಕೊಡಲು ಅರ್ಜಿ ಬರೆದು ಇಟ್ಟಿದ್ದೇನೆ. ಸಹಿ ಮಾಡುವವರು ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿರಿ. ಪೆನ್ನು ನೀವೇ ತರಬೇಕು.