ಮೊದಲ ಕೆಲಸಕ್ಕೊಂದು ಪತ್ರ

2006ರ ಏಪ್ರಿಲ್‌ನಲ್ಲಿ ಬ್ರಿಟನ್ ಸರಕಾರವು ವಿದೇಶಿ ವೈದ್ಯರಿಗಿದ್ದ ಪರವಾನಗಿರಹಿತ ತರಬೇತಿಯ ಸೌಲಭ್ಯವನ್ನು ರದ್ದುಪಡಿಸಿತು. ಪ್ಲ್ಯಾಬ್ ಪರೀಕ್ಷೆಯ ಎರಡೂ ಹಂತಗಳನ್ನು ದಾಟಿ, ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಕೋಣೆ ಹಂಚಿಕೊಂಡಿದ್ದ ನಮ್ಮಂಥವರು ಸಾಲಿನ ಕೊನೆಗೆ ಸರಿದೆವು. ಬ್ರಿಟಿಷ್ ಅಥವಾ ಐರೋಪ್ಯ ಅಭ್ಯರ್ಥಿ ದೊರೆಯದಿದ್ದರೆ ಮಾತ್ರ ನಮ್ಮ ಸರದಿ. ಊರಿನಿಂದ ಫೋನ್ ಬಂದಾಗಲೆಲ್ಲ "ಕೆಲಸ ಸಿಕ್ಕಿತೇ?" ಎಂಬ ಪ್ರಶ್ನೆ, ಅರ್ಜಿಗಳಿಗೆ "ಈ ದೇಶದ ಅನುಭವವಿಲ್ಲ" ಎಂಬ ಉತ್ತರ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬಂತಾಗಿತ್ತು ಸ್ಥಿತಿ.

ಆ ಗಂಟನ್ನು ಬಿಡಿಸಿದ್ದು ಸಂಬಳವಿಲ್ಲದ ಕ್ಲಿನಿಕಲ್ ಅಟ್ಯಾಚ್‌ಮೆಂಟ್. ಆರು ವಾರ ಹಿರಿಯ ವೈದ್ಯರೊಬ್ಬರ ಹಿಂದೆ ವಾರ್ಡುಗಳಲ್ಲಿ ನಡೆದೆ. ಚಿಕಿತ್ಸೆಯ ಹೊಣೆ ನನ್ನದಾಗಿರಲಿಲ್ಲ; ಆದರೆ ಪಾಳಿ ಬದಲಾಗುವಾಗ ಒಪ್ಪಿಸುವ ವರದಿ, ರೋಗಿಯೊಡನೆ ಮಾತನಾಡುವ ರೀತಿ, ಕಡತ ಬರೆಯುವ ಕ್ರಮ ತಿಳಿದುಬಂದವು. ಅವರು ಬರೆದುಕೊಟ್ಟ ಪತ್ರದ ಬಲದಿಂದ ಮೊದಲ ಸಂದರ್ಶನದ ಕರೆ ಬಂದಿತು, ಆರು ತಿಂಗಳ ಹುದ್ದೆಯೂ ದೊರೆಯಿತು.

ಇಂದು ನಮ್ಮ ಸಂಘದ ತರುಣ ತರುಣಿಯರೂ ಪದವಿ ಹಿಡಿದು ಅದೇ ಸಂಕಟವನ್ನು ಹೇಳಿಕೊಳ್ಳುತ್ತಾರೆ. ಅರ್ಜಿ ಕಳುಹಿಸುತ್ತಿರುವಾಗಲೇ, ನಿಮ್ಮ ದುಡಿಮೆಯನ್ನು ಕಣ್ಣಾರೆ ಕಂಡು ಹೇಳಬಲ್ಲ ಒಬ್ಬರನ್ನು ಸಂಪಾದಿಸಿಕೊಳ್ಳಿ. ಚಾರಿಟಿ ಅಂಗಡಿಯ ಸ್ವಯಂಸೇವೆಯಿಂದಲೂ ಅದು ಸಾಧ್ಯ. ನೆಲೆಗೊಂಡ ಹಿರಿಯರಲ್ಲಿ ನನ್ನ ವಿನಂತಿಯಿಷ್ಟೇ: "ಪ್ರಯತ್ನ ಬಿಡಬೇಡ" ಎಂದು ಬೆನ್ನು ತಟ್ಟುವುದರ ಜೊತೆಗೆ, ನಿಮ್ಮ ಕಚೇರಿಯಲ್ಲಿ ಒಂದು ವಾರದ ಅವಕಾಶವಿದೆಯೇ ಎಂದು ವಿಚಾರಿಸಿರಿ.